ಮಗ್ಗ ನಿಂತರೂ ಇಳಿಯದ ದನಿ

ತೊಂಬತ್ತರ ದಶಕದ ಆರಂಭ. ದೊಡ್ಡಬಳ್ಳಾಪುರದಲ್ಲಿ ನಾವು ಏಳೆಂಟು ಜನ ಮೇಷ್ಟ್ರುಗಳು, ನೇಕಾರರು ಸೇರಿ ಒಂದು ಸಾಂಸ್ಕೃತಿಕ ಸಂಘ ಕಟ್ಟಿದ್ದೆವು. ಭಾಷಣಗೀಷಣ ಬೇಡ, ಹೆಸರಾದವರನ್ನು ಕರೆಸೋಣ, ಊರವರು ಅವರೊಡನೆ ಬಾಯ್ತುಂಬ ಮಾತಾಡಲಿ ಎನ್ನುವುದು ನಮ್ಮ ಆಸೆ. ಸಿನಿಮಾಗಳಲ್ಲಿ ತಾಯಿ ಪಾತ್ರ ಮಾಡುವ ನಟಿಯೊಬ್ಬರನ್ನು ಮೊದಲ ಅತಿಥಿಯಾಗಿ ಒಪ್ಪಿಸಿ ಬಂದವನು ನಾನೇ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದು ಕೆಟ್ಟರೆ ಇನ್ಯಾರೂ ಈ ಕಡೆ ತಲೆ ಹಾಕಲಾರರು ಎಂಬ ಪುಕುಪುಕುವೂ ಒಳಗಿತ್ತು.

ಭಾನುವಾರ ಮಧ್ಯಾಹ್ನ ನೇಕಾರರ ಬೀದಿಯ ಭವನದಲ್ಲಿ ಕಿಟಕಿ ಸರಳಿಗೂ ಜನ ಜೋತುಬಿದ್ದಿದ್ದರು. ಮಾತು ಕೇಳಿಸಲೆಂದು ಬೀದಿಯ ವಿದ್ಯುತ್ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ನಟಿಯದು ಮೆಲುದನಿ. ನಾಲ್ಕು ಮಾತಾಡಿ, “ಈಗ ನೀವು ಕೇಳಿ” ಎಂದರು.

ನನ್ನ ಮನೆ ಓನರಮ್ಮ ಎದ್ದರು. ಮದುವೆಯಾಗಿ ಬಂದಂದಿನಿಂದ ಮಗ್ಗದ ಪಕ್ಕದಲ್ಲೇ ಬಾಳಿದ ಹೆಂಗಸು. ಮೈಕು ಕೊಡಹೋದರೆ ತಳ್ಳಿಬಿಟ್ಟರು.

“ಏನಮ್ಮಾ, ಎಲ್ಲಾ ಪಿಚ್ಚರ್ನಲ್ಲೂ ಸೊಸೆ ಕೈಲಿ ಏಟು ತಿಂದ್ಕೊಂಡು ಅಳ್ತಾ ಕೂರ್ತೀಯಲ್ಲಾ, ತಿರುಗಿಸಿ ಒಂದು ಬಿಡಕ್ಕಾಗಲ್ವಾ ನಿಂಗೆ?”

ಆ ದನಿಗೆ ಭವನವೇ ಅದುರಿತು. ಹಿಂದಿನಿಂದ ಇನ್ನೊಬ್ಬಾಕೆ ಅದಕ್ಕೂ ಜೋರಾಗಿ, “ಹೇಳಮ್ಮಾ, ಯಾಕೆ ಸುಮ್ಕಿದ್ದೀಯ!” ಎಂದಳು.

ನಟಿ ತಟ್ಟನೆ ಎದ್ದರು. ಬ್ಯಾಗು ಎತ್ತಿಕೊಂಡರು. “ಮೇಷ್ಟ್ರೇ, ಇವರಿಗೆ ನನ್ನ ಮೇಲೆ ಏನೋ ಸಿಟ್ಟಿದೆ. ನಾನು ಹೊರಡ್ತೀನಿ.”

“ಅಯ್ಯೋ, ಪ್ರೀತಿಗೆ ಕೇಳ್ತಿರೋದು ತಾಯೀ! ಮಗ್ಗದ ಸದ್ದಲ್ಲೇ ಬೆಳೆದೋರು, ದನಿ ಇಳಿಸೋಕೆ ಬರಲ್ಲ ಅವರಿಗೆ!” ಎಂದೆ. ಅವರು ನಂಬಲಿಲ್ಲ, ಮೆಟ್ಟಿಲಿಳಿದೇಬಿಟ್ಟರು.

ಓನರಮ್ಮ ಬಿಡುವವರೇ? “ಬಾ ಇಲ್ಲಿ, ತೋರಿಸ್ತೀನಿ” ಎಂದು ಅವರ ಕೈ ಹಿಡಿದು ಪಕ್ಕದ ಮಗ್ಗದ ಮನೆಗೆ ಎಳೆದೊಯ್ದು ಸ್ವಿಚ್ಚು ಹಾಕಿಸಿದರು. ನಾಲ್ಕು ಮಗ್ಗಗಳೂ ಒಟ್ಟಿಗೇ ಹೊಡೆದುಕೊಳ್ಳತೊಡಗಿದವು. ನಟಿ ಏನೋ ಅಂದರು, ತುಟಿ ಆಡಿದ್ದಷ್ಟೇ ಕಂಡಿತು. ಓನರಮ್ಮ ಕಿವಿಯ ಹಿಂದೆ ಅಂಗೈ ಹಿಡಿದರು. ನಟಿ ಇನ್ನೊಮ್ಮೆ ಅಂದರು, ಮತ್ತೊಮ್ಮೆ ಅಂದರು. ಕೊನೆಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಿರುಚಿದರು:

“ಒಂದೇಟು ಹೊಡೀತೀನಿ ಅಂತ ನಾನೂ ಡೈರೆಕ್ಟರಿಗೆ ಹೇಳ್ದೆ ಕಣಮ್ಮಾ! ಅವರು ಬಿಡಲಿಲ್ಲಾ!”

ಬಾಗಿಲಲ್ಲಿ ತುಂಬಿದ್ದ ಜನ ಹೋ ಎಂದು ನಕ್ಕರು. ಆಮೇಲೆ ಮಗ್ಗ ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ, ಸಂವಾದ ಅಲ್ಲೇ ನಡೆಯಿತು. ರಾಗಿ ಹೊಲದ ಊರಿಂದ ಬಂದ ನನಗೆ ಅರ್ಧವೂ ಕೇಳಿಸಲಿಲ್ಲ. ನೇಕಾರರು ತುಟಿ ನೋಡಿಯೇ ಎಲ್ಲ ಹಿಡಿಯುತ್ತಿದ್ದರು. ಪಕ್ಕದವನನ್ನು ತಿವಿದು “ಏನಂದ್ರಯ್ಯಾ?” ಎಂದು ಕೂಗಿದರೆ, “ತಡೀರಿ ಮೇಷ್ಟ್ರೇ, ಒಳ್ಳೇ ಜಾಗ ಬಂದೈತೆ!” ಎನ್ನುವನು.

ಸಂಜೆ ಕಾರು ಹತ್ತುವಾಗ ಕೂಗಿ ಕೂಗಿ ನಟಿಯ ದನಿಯೇ ಬಿದ್ದುಹೋಗಿತ್ತು. ಓನರಮ್ಮನ ಕಿವಿಗೆ ಬಾಗಿ ಏನೋ ಉಸುರಿದರು. ಓನರಮ್ಮ ನಮ್ಮ ಕಡೆ ತಿರುಗಿ ಬೀದಿಗೆಲ್ಲ ಸಾರಿದರು:

“ಮುಂದಿನ ಸಲಕ್ಕೆ ಆ ಸೊಸೆ ಪಾರ್ಟಿನೋಳ್ನೇ ಕಳಿಸ್ಕೊಡ್ತಾರಂತೆ ಕಣ್ರೋ!”