ಜಪಸರದ ಉಳಿದರ್ಧ

ದೆವ್ವ, ಪವಾಡ, ಸತ್ತವರು ಬಂದು ಮಾತಾಡಿದರು ಎಂದೆಲ್ಲ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುತ್ತೇನೆ, ದೇವರನ್ನು ನಂಬುತ್ತೇನೆ, ಆದರೆ ಇಂಥ ಕತೆಗಳಿಗೆ ಕಿವಿಗೊಟ್ಟವಳಲ್ಲ. ನೀವು ನಂಬಲೇಬೇಕೆಂದು ನನಗೇನೂ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಕಡೆ. ಗಂಡ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಾರೆ, ಹೋದರೆ ವಾರಗಟ್ಟಲೆ ನೀರಿನ ಮೇಲೇ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಗಂಡನ ತಂಗಿ ಲೂಸಿ ನಮ್ಮ ಜೊತೆಗಿದ್ದಳು. ವಯಸ್ಸು ಹೆಚ್ಚುಕಡಿಮೆ ನನ್ನದೇ, ಬುದ್ಧಿ ಮಾತ್ರ ಹಸುಗೂಸಿನದು. ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವಳಲ್ಲ.

ಅತ್ತೆಯನ್ನು ನಾವು ಮಾಯ್ ಎಂದು ಕರೆಯುತ್ತಿದ್ದೆವು. ಕೊನೆಯ ದಿನ, ಪಾದ್ರಿಗಳು ಎಣ್ಣೆ ಹಚ್ಚಿ ಪ್ರಾರ್ಥಿಸಿ ಹೋದ ಮೇಲೆ, ಮಾಯ್ ಲೂಸಿಯ ಕೈಯನ್ನು ನನ್ನ ಕೈಯಲ್ಲಿಟ್ಟು, ಅದರ ಮೇಲೆ ತಮ್ಮ ಜಪಸರ ಸುತ್ತಿದರು. "ಇವಳನ್ನ ಬೇರೆಯವ್ರ ಬಾಗಿಲಿಗೆ ಹಾಕ್ಬೇಡ" ಎಂದರು. "ಆತು ಮಾಯ್" ಎಂದೆ. ಶಿಲುಬೆ ನೋಡುತ್ತ ಆಡಿದ ಮಾತು ಅದು. ಆಡುವಾಗ ಎಷ್ಟು ಸಲೀಸಾಗಿತ್ತು!

ಜಪಸರದ ಕ್ರಮ ತಿಳಿಯದವರಿಗೆ ಹೇಳಿಬಿಡುತ್ತೇನೆ. ಸಂಜೆ ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಕೂರುತ್ತೇವೆ. ಒಂದೊಂದು ಮಣಿಗೂ ಮರಿಯಮ್ಮನ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಮೊದಲರ್ಧ ನನ್ನದು, ಉಳಿದರ್ಧ ಮಾಯ್‌ದು. ಅವರಿಗೋ ಭಾರೀ ಗಡಿಬಿಡಿ. ನನ್ನ ಪಾಲು ಮುಗಿಯುವ ಮುಂಚೆಯೇ ಅವರದು ಶುರು. "ಎಂತ ಮಾಯ್, ಬಸ್ ತಪ್ಪೋಗ್ತದಾ?" ಎಂದು ಚುಡಾಯಿಸುತ್ತಿದ್ದೆ. ಅವರು ಹೋದ ಮೇಲೆ ಎರಡೂ ಅರ್ಧ ನಾನೇ ಹೇಳಿಕೊಳ್ಳತೊಡಗಿದೆ. ಲೂಸಿ ಪಕ್ಕದ ಚಾಪೆಯಲ್ಲಿ ನೈಟಿಯ ತುದಿಯನ್ನು ಬಾಯಿಗಿಟ್ಟು ಚೀಪುತ್ತ ಕೂತಿರುತ್ತಿದ್ದಳು.

ಬರಬರುತ್ತ ಅವಳನ್ನು ಹಿಡಿಯುವುದೇ ಕಷ್ಟವಾಯಿತು. ಕಣ್ಣು ತಪ್ಪಿಸಿ ಹೊಳೆಗೆ ಇಳಿಯುತ್ತಿದ್ದಳು, ಬಲೆ ಬೀಸುವವರು ಎಳೆದು ತಂದು ಬಿಡುತ್ತಿದ್ದರು. ಸ್ನಾನ ಮಾಡಿಸುವಾಗ ನನ್ನ ತೋಳು ಕಚ್ಚಿದಳು. ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ಕುಮಟಾ ಕಡೆ ಕನ್ಯಾಸ್ತ್ರೀಯರು ನಡೆಸುವ ಒಂದು ಆಶ್ರಮದವರನ್ನು ಕೇಳಿ, ಅವಳನ್ನು ಇಟ್ಟುಕೊಳ್ಳಲು ಒಪ್ಪಿಸಿದೆ. ಮರುದಿನ ಬೆಳಿಗ್ಗೆ ಅವರ ವ್ಯಾನು ಬರುವುದಿತ್ತು. ಹಾಗೆ ಕಳಿಸಲು ಹೊರಟದ್ದು ತಪ್ಪೆಂದು ನಾನು ಈಗಲೂ ಹೇಳಲಾರೆ. ಆ ಸೊಂಟ ನೋವು ಉಂಡವರೇ ಬಲ್ಲರು.

ಆ ಸಂಜೆ ಅವಳ ಬಟ್ಟೆ ಮಡಿಚಿ ಚೀಲಕ್ಕೆ ತುಂಬಿ, ಮೇಣದ ಬತ್ತಿ ಹಚ್ಚಿ ಜಪಸರಕ್ಕೆ ಕೂತೆ. ಮನಸ್ಸೆಲ್ಲ ಆ ಚೀಲದ ಮೇಲೆಯೇ. ಜಪದ ನಡುವೆ ಕಣ್ಣು ಮತ್ತೆ ಚೀಲಕ್ಕೆ ಹೋಯಿತು. ಮೊದಲರ್ಧದ ಕೊನೆಯ ಮಾತು ಹೊರಡಲೇ ಇಲ್ಲ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಉಳಿದರ್ಧ ಶುರುವಾಯಿತು. ಗಡಿಬಿಡಿಯಲ್ಲಿ, ಬಸ್ಸು ತಪ್ಪುವವರ ಹಾಗೆ.

ರೂಢಿಯ ಬಲ ನೋಡಿ, ನಾನು ಹೆದರಲೂ ಇಲ್ಲ! ಮುಂದಿನ ಮಣಿ ಹಿಡಿದು ನನ್ನ ಪಾಲು ಹೇಳಿದೆ. ಮತ್ತೆ ಉತ್ತರ ಬಂತು. ಹೀಗೆ ಕೆಲವು ಮಣಿ ದಾಟಿದ ಮೇಲೆ, ಗಂಡ ಬೋಟಿನಲ್ಲಿ, ಮನೆಯಲ್ಲಿ ಉತ್ತರ ಹೇಳುವವರು ಯಾರೂ ಇಲ್ಲವಲ್ಲ ಎಂಬುದು ತಲೆಗೆ ಹೋಯಿತು. ತಿರುಗಿ ನೋಡಿದರೆ ಲೂಸಿ ಒಬ್ಬಳೇ ಇದ್ದಳು. ನೈಟಿಯ ತುದಿ ಬಾಯಲ್ಲೇ ಇತ್ತು. ಕಣ್ಣು ಬತ್ತಿಯ ಕಡೆಗಿತ್ತು.

ದಣಿದ ತಲೆಯ ಭ್ರಮೆ ಎಂದು ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಬೆಳಿಗ್ಗೆ ಪಕ್ಕದ ಮನೆಯ ಗಂಗಕ್ಕ ಮೀನಿನ ಬುಟ್ಟಿ ಹೊತ್ತು ಹೊರಟವಳು ಬೇಲಿಯ ಹತ್ತಿರ ನಿಂತು ಕೇಳಿದಳು, "ಎಂತ ಬಾಯಮ್ಮ, ನಿನ್ನೆ ನಿಮ್ಮನೆಗೆ ಯಾರ್ ಬಂದಿದ್ರು? ಇಬ್ರು ಜಪ ಮಾಡೂದು ಕೇಳ್ತಿತ್ತು."

ವ್ಯಾನು ಬಂತು. ಲೂಸಿಯನ್ನು ಕಳಿಸುವುದಿಲ್ಲ ಎಂದೆ. ಬಂದ ಸಿಸ್ಟರ್‌ಗೆ ಸಿಟ್ಟು ಬಂತು, ಬರಬೇಕಾದದ್ದೇ. ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿಟ್ಟೆ.

ಆಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅವಳು ಕಚ್ಚುವುದು ಬಿಡಲಿಲ್ಲ, ಹೊಳೆಗೆ ಓಡುವುದೂ ಬಿಡಲಿಲ್ಲ, ನನ್ನ ಸೊಂಟವೂ ನೆಟ್ಟಗಾಗಲಿಲ್ಲ. ಆ ದನಿ ಮತ್ತೊಮ್ಮೆ ಕೇಳಲಿಲ್ಲ. ಒಂದೇ ಒಂದು ಸಲ ಕೇಳಿಸಲಿ ದೇವರೇ, ಮಾಡಿದ್ದು ಸರಿ ಎಂದಾದರೂ ಗೊತ್ತಾಗಲಿ ಎಂದು ಎಷ್ಟೋ ಸಂಜೆ ಅತ್ತಿದ್ದೇನೆ. ಕೆಲವು ವರ್ಷಗಳ ನಂತರ ಲೂಸಿ ಜ್ವರ ಬಂದು ನನ್ನ ತೊಡೆಯ ಮೇಲೆಯೇ ತೀರಿಕೊಂಡಳು. ಕೊನೆಯ ಗಳಿಗೆಯಲ್ಲೂ ಮಾತಿಲ್ಲ. ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಳು.

ವರ್ಷಗಟ್ಟಲೆ ಮಾಯ್ ಹೇಳುವುದನ್ನು ಕೇಳಿ ಕೇಳಿ ಲೂಸಿಗೆ ಅದೊಂದು ಬಾಯಿಗೆ ಬಂದಿತ್ತೇ? ಅಥವಾ ಮಗಳಿಗಾಗಿ ಮಾಯ್ ಅವರೇ ಬಂದಿದ್ದರೇ? ನನಗಂತೂ ಗೊತ್ತಿಲ್ಲ.

ಈಗ ಚಾಪೆಯ ಮೇಲೆ ಯಾರೂ ಇಲ್ಲ. ಸಂಜೆ ಮೊದಲರ್ಧ ಹೇಳಿ ಒಂದು ಕ್ಷಣ ತಡೆಯುತ್ತೇನೆ. ಹಿಂದಿನಿಂದ ಏನೂ ಕೇಳುವುದಿಲ್ಲ. ಉಳಿದರ್ಧವನ್ನೂ ನಾನೇ ಹೇಳಿ ಮುಗಿಸುತ್ತೇನೆ.