ಅಣ್ಣನ ಎತ್ತು, ನನ್ನ ಸೀಟಿ

ಹದಿನೈದು ದಿನದ ಹಿಂದೆ ನಾನೊಂದು ಸೀಟಿ ಊದಿದೆ. ಮಾಡಿದ್ದು ಅಷ್ಟೇ. ಅವತ್ತಿನಿಂದ ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟಿದ್ದ. ಮೊನ್ನೆ ಫೋನ್ ಮಾಡಿದ. ಕ್ಷೇಮ ಕೇಳಲು ಅಲ್ಲ, ಒಂದು ಷರತ್ತು ಹೇಳಲು. ಅದಕ್ಕೆ ಉತ್ತರ ಕೊಡಬೇಕಾಗಿದೆ. ಫೋನಿನಲ್ಲಿ ಕೊಟ್ಟರೆ ಮಧ್ಯದಲ್ಲೇ ಕಟ್ ಮಾಡುತ್ತಾನೆ, ಅದಕ್ಕೇ ಇಲ್ಲಿ, ನನ್ನ ಅಂಕಣದಲ್ಲಿ, ಕೊಡುತ್ತಿದ್ದೇನೆ.

ಮೊದಲು ನಡೆದದ್ದು ಕೇಳಿ.

ನಾನು ರೋಣದಲ್ಲಿ ಹೈಸ್ಕೂಲ್ ಪಿ.ಟಿ. ಟೀಚರ್. ಅಂಕಣ ಓದುವವರಿಗೆ ಇದು ಹಳೆಯ ಸುದ್ದಿ. (ಹೊಸಬರಿಗೆ: ಹೌದು, ಸೀರೆ ಉಟ್ಟುಕೊಂಡೇ ಶಾಟ್‌ಪುಟ್ ಎಸೆದು ತೋರಿಸುತ್ತೇನೆ. ಅನುಮಾನವಿದ್ದವರು ಗ್ರೌಂಡಿಗೆ ಬರಬಹುದು.) ಕೊರಳಿನಲ್ಲಿ ಕರಿಮಣಿ ಇರುವಷ್ಟೇ ಖಾಯಂ ಆಗಿ ಸೀಟಿಯೂ ಇರುತ್ತದೆ.

ತವರು ಗಜೇಂದ್ರಗಡದ ಆಚೆ ಒಂದು ಹಳ್ಳಿ. ಕಾರಹುಣ್ಣಿಮೆ ಆದ ಮೇಲೆ ಅಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನಡೆಯುತ್ತದೆ. ಹಿಂಗಾರಿಗೆಂದು ಬಿಟ್ಟ ಎರೆ ಹೊಲ, ಅದರಲ್ಲಿ ಹದ ಮಾಡಿದ ನೇರ ದಾರಿ. ಖಾಲಿ ಗಾಡಿಗೆ ಎರಡು ಎತ್ತು ಹೂಡಿ ಒಂದು ನಿಮಿಷ ಓಡಿಸುವುದು. ಹಿಂದಿನಿಂದ ಬೈಕಿನಲ್ಲಿ ವಾಚ್ ಹಿಡಿದವರು ಬರುತ್ತಾರೆ. ನಿಮಿಷ ಮುಗಿದ ತಕ್ಷಣ ಸೀಟಿ. ಸೀಟಿ ಬಿದ್ದಾಗ ಗಾಲಿ ಎಲ್ಲಿರುತ್ತದೋ ಅಲ್ಲಿ ಒಂದು ಝಂಡಾ ನೆಡುತ್ತಾರೆ. ಯಾರ ಝಂಡಾ ಎಲ್ಲರಿಗಿಂತ ಮುಂದೆಯೋ ಅವರು ಗೆದ್ದರು. ಇಷ್ಟು ಸರಳ.

ಸರಳವಾದದ್ದನ್ನು ಸರಳವಾಗಿಯೇ ಇರಲು ಬಿಟ್ಟರೆ ಕಮಿಟಿ ಏಕೆ ಬೇಕು?

ಆ ಕಮಿಟಿಯ ಅಧ್ಯಕ್ಷ ನಮ್ಮಣ್ಣ ಶರಣಪ್ಪ. ಅವನದೂ ಒಂದು ಕಿಲಾರಿ ಎತ್ತಿನ ಜೋಡಿ ಓಡುತ್ತದೆ. ಅಧ್ಯಕ್ಷರೇ ಆಟಗಾರರು, ಅಧ್ಯಕ್ಷರೇ ರೆಫರಿಯನ್ನು ನೇಮಿಸುವವರು. ಹೋದ ವರ್ಷದವರೆಗೆ ವಾಚ್ ಅವನ ಅಳಿಯನ ಕೈಯಲ್ಲಿತ್ತು. ಅಧ್ಯಕ್ಷರ ಎತ್ತು ಓಡುವಾಗ ಮಾತ್ರ ನಿಮಿಷ ಸ್ವಲ್ಪ ಉದ್ದ ಆಗುತ್ತದೆ ಅಂತ ಜನ ನಗುತ್ತಿದ್ದರು. ನರಗುಂದದ ಕಡೆಯಿಂದ ಟೆಂಪೋದಲ್ಲಿ ಎತ್ತು ಹೇರಿಕೊಂಡು ಬರುತ್ತಿದ್ದವರಿಗೆ ನಗು ಬರಲಿಲ್ಲ. ಆ ಅಳಿಯನ ಕೈಗೆ ವಾಚ್ ಕೊಟ್ಟರೆ ಈ ಸಲ ಬರುವುದೇ ಇಲ್ಲ ಎಂದು ಹೇಳಿ ಕಳಿಸಿದರು.

ಅದಕ್ಕೆ ಅಣ್ಣ ಕಂಡುಕೊಂಡ ಪರಿಹಾರ ನಾನು!

ಮೈಕಿನಲ್ಲಿ ಅವನೇ ಘೋಷಿಸಿದ. "ಈ ಸಲ ಟೈಮ್ ನೋಡಾಕ ಹೊರಗಿನವರನ್ನ ಕರಿಸೇವಿ. ರೋಣದ ಪಿ.ಟಿ. ಟೀಚರ್. ಪೇಪರಿಗೆ ಬರೀತಾರ. ಯಾರೂ ತಕರಾರ ತಗಿಯಂಗಿಲ್ಲ!"

ಹೊರಗಿನವರು! ಹುಟ್ಟಿದ ಊರಿನ ಮೈಕಿನಲ್ಲಿ ಹೀಗೆ ಕೇಳುವುದು ಒಂಥರಾ ಅನಿಸಿತು. ಆದರೂ ಒಪ್ಪಿಕೊಂಡೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ. ಅಪರೂಪಕ್ಕೆ ಆ ಗಾದೆಯಿಂದ ಒಂದು ಒಳ್ಳೆಯ ಕೆಲಸ ಆಗುವುದಾದರೆ ಆಗಲಿ ಎಂದುಕೊಂಡೆ.

ಸ್ಪರ್ಧೆ ಶುರುವಾಯಿತು. ಕಮಿಟಿಯವನೊಬ್ಬ ಬೈಕ್ ಓಡಿಸಿದ, ಹಿಂದೆ ನಾನು, ಕೈಯಲ್ಲಿ ಶಾಲೆಯ ಸ್ಟಾಪ್‌ವಾಚ್, ಬಾಯಲ್ಲಿ ಸೀಟಿ. ಸೂಡಿಯವರು ಓಡಿಸಿದರು, ನರಗುಂದದವರು ಓಡಿಸಿದರು. ಲಕ್ಕಲಕಟ್ಟಿಯ ಹನಮಪ್ಪನ ಜೋಡಿ ಓಡಿದಾಗ ಬೈಕಿನವನಿಗೇ ಸಾಕುಬೇಕಾಯಿತು. ಅವರ ಝಂಡಾ ಎಲ್ಲರದಕ್ಕಿಂತ ದೂರ ಹೋಗಿ ನಿಂತಿತು.

ಕೊನೆಯದು ಅಧ್ಯಕ್ಷರ ಜೋಡಿ. ಬಂದವರು ಮೊದಲು ಓಡಿಸಲಿ, ಮನೆಯವರದು ಕೊನೆಗೆ. ಕೇಳಲು ಎಂಥ ಮರ್ಯಾದೆ! ಊಟದ ಪಂಕ್ತಿಯಲ್ಲಾದರೆ ನಾನೂ ಒಪ್ಪುತ್ತೇನೆ. ಆದರೆ ಕೊನೆಗೆ ಓಡುವವನಿಗೆ ಎಷ್ಟು ದೂರ ಓಡಿದರೆ ಸಾಕು ಅನ್ನುವುದು ಝಂಡಾ ನೋಡಿದರೆ ಗೊತ್ತಾಗುತ್ತದೆ ಅಲ್ಲವೇ?

ಆಗ ಅಣ್ಣ ಬಂದು ಕಮಿಟಿಯವನನ್ನು ಬೈಕಿನಿಂದ ಇಳಿಸಿದ. "ಇದೊಂದಕ್ಕ ನಾನ ಬೈಕ್ ಹೊಡೀತೀನಿ, ಇಳಿ." ನಾನು ಹಿಂದೆ ಕುಳಿತೇ ಇದ್ದೆ. ಕಿಕ್ ಹೊಡೆಯುತ್ತಾ ಮೆಲ್ಲಗೆ ಹೇಳಿದ.

"ನೀಲಾ, ನಾ ಹೂಂ ಅಂದ ಮ್ಯಾಲ ಊದವಾ."

"ವಾಚ್ ನನ್ನ ಕೈಯಾಗ ಐತಿ. ನಿನ್ನ ಹೂಂ ತಗೊಂಡ ಏನ್ ಮಾಡ್ಲಿ?"

ನಕ್ಕ. "ಹುಚ್ಚಿ! ಎಲ್ಲಾ ಬಿಡಿಸಿ ಹೇಳಬೇಕೇನ ನಿನಗ?"

ಮೈಕಿನಲ್ಲಿ ಹೊರಗಿನವಳು, ಬೈಕಿನಲ್ಲಿ ಮನೆಮಗಳು. ಎಷ್ಟು ಬೇಗ ಒಳಗೆ ಬಂದೆ ನೋಡಿ.

ಗಾಡಾ ಬಿಟ್ಟರು. ಅಣ್ಣ ಬೈಕನ್ನು ಎತ್ತಿನ ಪಕ್ಕಕ್ಕೇ ತಂದ. ಚಂದದ ಎತ್ತುಗಳು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಯ ಎತ್ತು ಓಡುವುದನ್ನು ಅಷ್ಟು ಹತ್ತಿರದಿಂದ ನೋಡಿ ನನಗೂ ಹೆಮ್ಮೆಯಾಯಿತು. ಓಡ್ರಿ, ಓಡ್ರಿ ಎಂದು ಒಳಗೊಳಗೇ ಕೂಗುತ್ತಿದ್ದೆ. ಆಮೇಲೆ ಗಾಡಾ ಹೊಡೆಯುವವನ ಕೈ ನೋಡಿದೆ. ಬಾರಕೋಲಿನ ತುದಿಯಲ್ಲಿ ಮೊಳೆ ಇತ್ತು. ಎಡಗಡೆಯ ಎತ್ತಿನ ಹಿಂಭಾಗದಲ್ಲಿ ರಕ್ತ. ಮೊಳೆ ಹಚ್ಚಿದ ಬಾರಕೋಲು ತಂದವರನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತೇವೆ ಎಂದು ಬೆಳಿಗ್ಗೆ ಮೈಕಿನಲ್ಲಿ ಹೇಳಿದವನು ಯಾರು? ನನ್ನ ಮುಂದೆ ಬೈಕ್ ಓಡಿಸುತ್ತಿದ್ದವನೇ.

ವಾಚ್ ನೋಡಿದೆ. ನಿಮಿಷ ಮುಗಿಯಿತು. ಅಣ್ಣ ಹೂಂ ಅನ್ನಲಿಲ್ಲ.

ಊದಿದೆ.

ಅದು ಎಷ್ಟು ಜೋರಾಗಿ ಬಂತೆಂದರೆ ಅಣ್ಣನ ಕೈಯಲ್ಲಿ ಹ್ಯಾಂಡಲ್ ಅಲುಗಿತು. ಝಂಡಾದವನು ನನ್ನ ಮುಖ ನೋಡಿದ, ಅಣ್ಣನ ಮುಖ ನೋಡಿದ. ನೆಡಲೋ ಬೇಡವೋ ಎಂದು ನಿಂತ. "ನೆಡೋ!" ಎಂದೆ, ಗ್ರೌಂಡಿನಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. ನೆಟ್ಟ. ಲಕ್ಕಲಕಟ್ಟಿಯವರ ಝಂಡಾ ಇನ್ನೂ ಮುಂದಿತ್ತು. ಹೆಚ್ಚು ದೂರವಲ್ಲ. ಎರಡು ಉಸಿರು ತಡೆದಿದ್ದರೆ ಎತ್ತು ಅದನ್ನು ದಾಟಿ ಹೋಗುತ್ತಿದ್ದವು.

ಆ ಎರಡು ಉಸಿರಿನಲ್ಲಿ ಏನು ಮಹಾ ಅನ್ನುತ್ತೀರಾ? ಅಣ್ಣನೂ ಅದನ್ನೇ ಕೇಳಿದ. "ಒಂಚೂರು ತಡದಿದ್ರ ನಿನ್ನ ಗಂಟೇನ ಹೋಗ್ತಿತ್ತು?" ನನ್ನ ಗಂಟು ಏನೂ ಹೋಗುತ್ತಿರಲಿಲ್ಲ. ಆದರೆ ಅಧ್ಯಕ್ಷರು ಉದ್ದ ಮಾಡಿದ ನಿಮಿಷವನ್ನು ಓಡುವುದು ಅಧ್ಯಕ್ಷರಲ್ಲ, ಎತ್ತು. ಮೊಳೆ ಚುಚ್ಚುವುದು ಅದಕ್ಕೆ. ಹಾರ ಬೀಳುವುದು ಇವರಿಗೆ.

"ಇಳಿ ಕೆಳಗ," ಎಂದ. ಇಳಿದೆ. ಬೈಕ್ ತಿರುಗಿಸಿಕೊಂಡು ಹೊರಟೇ ಹೋದ. ಹೊಲದ ಆ ತುದಿಯಿಂದ ಪೆಂಡಾಲಿನವರೆಗೆ ನಡೆದುಕೊಂಡು ಬಂದೆ. ಎರೆ ಮಣ್ಣಿನ ಬಿರುಕಿನಲ್ಲಿ ಚಪ್ಪಲಿ ಸಿಕ್ಕು ಒಂದರ ಉಂಗುಟ ಕಿತ್ತಿತು.

ದಾರಿಯಲ್ಲಿ ಲಕ್ಕಲಕಟ್ಟಿಯ ಹನಮಪ್ಪ ಎದುರಾದರು. ಗೆದ್ದವರು. ಹೆಗಲ ಮೇಲೆ ಗುಲಾಲು. ನನಗಾಗಿಯೇ ಬಂದಿದ್ದಾರೆ ಅನಿಸಿತು. ಸುಳ್ಳು ಹೇಳಲಾರೆ, ಒಂದು ಥ್ಯಾಂಕ್ಸ್ ನಿರೀಕ್ಷೆಯಲ್ಲಿ ಸೆರಗು ಸರಿ ಮಾಡಿಕೊಂಡೆ.

"ಅಕ್ಕಾರ, ಒಂದ್ ಮಾತ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಕೇಳ್ರಿ."

ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಮನ್ಯಾಗ ಹೊಲದ ಹಿಸ್ಸೆದ್ದು ಏನರ ತಕರಾರ ನಡದೈತೇನ್ರಿ?"

"ಇಲ್ರಿ! ಯಾಕ್ರಿ?"

"ಅಲ್ರೀ, ಸ್ವಂತ ಅಣ್ಣನ ಎತ್ತಿಗೆ ಹಿಂಗ ಕರೆಕ್ಟ್ ಟೈಮಿಗೆ ಯಾರ್ ಊದ್ತಾರ್ರಿ?"

"ಟೈಮ್ ಮುಗೀತ್ರಿ. ಅದಕ್ಕ ಊದಿದೆ."

"ಹೌದೌದ್ರಿ," ಎಂದು ತಲೆಯಾಡಿಸಿದರು, ಮಕ್ಕಳ ಮಾತಿಗೆ ದೊಡ್ಡವರು ಆಡಿಸುವ ಹಾಗೆ. "ಇರ್ಲಿ ಬಿಡ್ರಿ. ನಿಮ್ಮ ಮನಿ ಸುದ್ದಿ ನಮಗ್ಯಾಕ."

ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ಮನುಷ್ಯನ ಎತ್ತು ನ್ಯಾಯವಾಗಿ ಗೆದ್ದಿದ್ದವು. ಆದರೆ ಅಣ್ಣ ತಂಗಿಯ ಜಗಳದಲ್ಲಿ ತನಗೆ ಲಾಭ ಆಯಿತು ಎಂದುಕೊಂಡೇ ಅವರು ಊರಿಗೆ ಹೋದರು. ಗೆದ್ದವನಿಗೇ ತನ್ನ ಗೆಲುವಿನ ಮೇಲೆ ನಂಬಿಕೆ ಇಲ್ಲ! ವರ್ಷಗಟ್ಟಲೆ ಮೋಸದ ಸೀಟಿ ಕೇಳಿದವರ ಕಿವಿಗೆ ಸರಿಯಾದ ಸೀಟಿಯೂ ಮೋಸದ ಹಾಗೆಯೇ ಕೇಳುತ್ತದೆ. ನನಗೆ ಅಣ್ಣನ ಮೇಲೆ ಬಂದ ದೊಡ್ಡ ಸಿಟ್ಟು ಇದು. ಬೈಕಿನಿಂದ ಇಳಿಸಿದ್ದಲ್ಲ.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ನಾನು ಎಷ್ಟು ಎಕರೆ ಕೇಳಿದ್ದೇನೆ ಎಂದು ಚರ್ಚೆ ಮಾಡುತ್ತಿದ್ದರು. ಅಷ್ಟು ಎಕರೆ ನಮ್ಮಪ್ಪನಿಗೂ ಇರಲಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು ಇನ್ನೂ ಮುಂದೆ ಹೋದರು. "ಟೀಚರ್, ನೌಕರಿ ಬಿಟ್ಟು ಜಿಲ್ಲಾ ಪಂಚಾಯ್ತಿಗೆ ನಿಲ್ಲಾಕ ಹೊಂಟೀರಂತ, ಖರೇ ಏನ್ರಿ?"

ಆಸ್ತಿಗಾಗಿ ಊದಿದಳು, ಎಲೆಕ್ಷನ್ನಿಗಾಗಿ ಊದಿದಳು, ಲಕ್ಕಲಕಟ್ಟಿಯವರ ಕೈಯಿಂದ ಏನೋ ತಗೊಂಡು ಊದಿದಳು. ನಿಮಿಷ ಮುಗಿಯಿತು, ಅದಕ್ಕೆ ಊದಿದಳು ಎಂದು ಹೇಳಿದವರು ಒಬ್ಬರೂ ಇಲ್ಲ. ಅಳಿಯ ತಡವಾಗಿ ಊದುತ್ತಿದ್ದಾಗ ಯಾಕೆ ಅಂತ ಯಾರೂ ಕೇಳಿರಲಿಲ್ಲ, ಗಮನಿಸಿದಿರಾ? ಮೋಸಕ್ಕೆ ಕಾರಣ ಬೇಕಿಲ್ಲ. ನ್ಯಾಯಕ್ಕೆ ಮಾತ್ರ ಕಾರಣ ಕೊಡಬೇಕು, ಅದೂ ನಂಬುವಂಥದ್ದು ಕೊಡಬೇಕು.

ಈಗ ಮೊನ್ನೆಯ ಫೋನಿಗೆ ಬರುತ್ತೇನೆ.

"ನೀಲಾ, ಈ ವಾರ ನಿನ್ನ ಪೇಪರಿನ್ಯಾಗ ಬರಿ. ವಾಚಿನ ಸೆಲ್ ಹೋಗಿತ್ತು, ಸೀಟಿ ಲಗೂ ಬಿತ್ತು ಅಂತ. ಎರಡ ಸಾಲ ಸಾಕು."

"ಸೆಲ್ ಹೋಗಿರ್ಲಿಲ್ಲಲ್ಲೋ ಅಣ್ಣಾ."

"ಸೆಲ್ಲಿಗೇನ ಮಾನಾ ಮರ್ಯಾದಿ ಐತೇನ? ನನಗೈತಿ. ಮುಂದಿನ ತಿಂಗಳ ತಾಲೂಕ ಗಾಡಾ ಸಂಘದ ಅಧ್ಯಕ್ಷರ ಆಯ್ಕಿ. ತನ್ನ ಊರಾಗ, ತನ್ನ ತಂಗಿ ಕಡಿಂದ ಸೋತಾಂವ ತಾಲೂಕ ಏನ್ ನಡಸ್ತಾನ ಅಂತ ಆಡ್ಕೊಳ್ಳಾಕತ್ಯಾರ."

"ನನ್ನ ಕಡಿಂದ ಸೋತಿಲ್ಲ ನೀ. ಲಕ್ಕಲಕಟ್ಟಿ ಎತ್ತಿನ ಕಡಿಂದ ಸೋತಿ."

ಹಿಂದೆ ಅವನ ಹೆಂಡತಿ, ನಮ್ಮ ವೈನಿ, ಏನೋ ಹೇಳುವುದು ಕೇಳಿಸಿತು, ಅವಳನ್ನು ಗದರಿಸಿದ. ಆಮೇಲೆ ಹೇಳಿದ. "ಬರದ್ರ ಪಂಚಮಿಗೆ ಕರಿಯಾಕ ಬರ್ತೀನಿ. ಇಲ್ಲಾಂದ್ರ ತವರಮನಿ ನಿನಗ ಮುಗೀತಂತ ತಿಳಕೋ."

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರುವುದು ಅಂದರೆ ಬರೀ ಉಂಡಿ ತಿನ್ನಲು ಅಲ್ಲ. ನಿನಗೂ ಹಿಂದೆ ಒಂದು ಮನೆ ಇದೆ ಎಂದು ಗಂಡನ ಮನೆಯವರಿಗೂ ಓಣಿಗೂ ತೋರಿಸುವುದು. ಫೋನ್ ಇಟ್ಟು ಅತ್ತುಬಿಟ್ಟೆ. ಚೆನ್ನಾಗಿಯೇ ಅತ್ತೆ. ಏಕೆಂದರೆ ಇವನು ಯಾವುದೋ ಪುಢಾರಿಯಲ್ಲ, ನನ್ನ ಅಣ್ಣ. ಹುಡುಗಿ ಚಡ್ಡಿ ಹಾಕಿಕೊಂಡು ಓಡುವ ಕೋರ್ಸ್ ಬೇಡ ಎಂದು ಅಪ್ಪ ಹಟ ಹಿಡಿದಾಗ, ಅವಳನ್ನು ಕಳಿಸುವವರೆಗೆ ಉಣ್ಣುವುದಿಲ್ಲ ಎಂದು ತಾಟು ಸರಿಸಿ ಎದ್ದವನು. ಈಗಲೂ ಊರಿನಲ್ಲಿ ಯಾರದೇ ಎತ್ತಿಗೆ ಹುಷಾರಿಲ್ಲದಿದ್ದರೂ ದನದ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವವನು. ಇಂಥವನು ಅಧ್ಯಕ್ಷನಾದ ಕೂಡಲೇ ಸೋಲಬಾರದು ಎಂದು ಅವನ ತಲೆಯಲ್ಲಿ ತುಂಬಿದವರು ಯಾರು? ಸೋತವನೇ ಗೆದ್ದವರ ಕೈ ಹಿಡಿದೆತ್ತಿ ಇವರ ಎತ್ತು ನಮ್ಮವಕ್ಕಿಂತ ಚಲೋ ಅಂದಿದ್ದರೆ, ತಾಲ್ಲೂಕಿನಲ್ಲಿ ಅವನಿಗೆ ಎದುರು ನಿಲ್ಲುವವರು ಇರುತ್ತಿದ್ದರೇ? ಆ ಬುದ್ಧಿ ಹೇಳುವವರು ಒಬ್ಬರೂ ಅವನ ಸುತ್ತ ಇಲ್ಲ. ಇದ್ದ ಒಬ್ಬಳನ್ನು ಹೊಲದಲ್ಲಿ ಇಳಿಸಿ ಹೋದ.

ಅಣ್ಣಾ, ನೀನು ಎರಡು ಸಾಲು ಕೇಳಿದ್ದೆ. ತಗೋ, ಬರೆದಿದ್ದೇನೆ.

ಸೆಲ್ ಸರಿಯಿತ್ತು. ವಾಚ್ ಸರಿಯಿತ್ತು. ನಿನ್ನ ಎತ್ತು ಚೆನ್ನಾಗಿ ಓಡಿದವು, ಹನಮಪ್ಪನವರ ಎತ್ತು ಇನ್ನೂ ಚೆನ್ನಾಗಿ ಓಡಿದವು. ನಿನ್ನ ಬಾರಕೋಲಿಗೆ ಮೊಳೆ ಇತ್ತು. (ಎರಡಕ್ಕಿಂತ ಹೆಚ್ಚಾಯಿತು. ಇರಲಿ, ಮನೆಯವನು ಅಂತ ಜಾಸ್ತಿ ಹಾಕಿದ್ದೇನೆ.) ಮುಂದಿನ ವರ್ಷ ವಾಚ್ ನನ್ನ ಕೈಗೆ ಕೊಟ್ಟರೆ ಮತ್ತೆ ನಿಮಿಷಕ್ಕೇ ಊದುತ್ತೇನೆ. ಹಿಸ್ಸೆಯ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ಜನ ಇಷ್ಟು ನೆನಪು ಮಾಡಿಕೊಟ್ಟ ಮೇಲೆ ಕೇಳಿದರೂ ಕೇಳಬಹುದು, ಅದು ಬೇರೆ ವಿಷಯ.

ಪಂಚಮಿಗೆ ನೀನು ಕರೆಯಲು ಬರುವುದಿಲ್ಲ. ಬೇಡ ಬಿಡು. ರೋಣದಿಂದ ಗಜೇಂದ್ರಗಡಕ್ಕೆ ಬಸ್ಸಿದೆ, ಹೆಂಗಸರಿಗೆ ಈಗ ದುಡ್ಡೂ ಕೊಡಬೇಕಿಲ್ಲ. ಚೀಲ ಹಿಡಿದುಕೊಂಡು ನಾನೇ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ.

ಬಾಗಿಲು ತೆಗೆಯಲು ಅಧ್ಯಕ್ಷರು ಬರುತ್ತಾರೋ, ನಮ್ಮಣ್ಣ ಬರುತ್ತಾನೋ?