ಹಳದಿ ಅಂಗಿಗೆ ಬಿದ್ದ ಒಂದು ಓಟು

ಭುವನ, ಇಂಪನಾ,

ಅಂಗಿಗೆ ಕಾಲರ್ ಇರಬೇಕೋ ಬೇಡವೋ ಎನ್ನುವಷ್ಟು ಸಣ್ಣ ವಿಷಯಕ್ಕೆ ಇಬ್ಬರು ಬುದ್ಧಿವಂತ ಮಕ್ಕಳು ವಾರಗಟ್ಟಲೆ ಮಾತು ಬಿಡಬಹುದೆಂದು ಹೋದ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ಅದೂ ನಿಮ್ಮ ಅಂಗಿಯಲ್ಲ, ನಮ್ಮ ಮನೆಯಲ್ಲಿ ಯಾರೂ ತೊಡುವ ಅಂಗಿಯಲ್ಲ. ಸಮುದ್ರದಾಚೆಯ ಯಾವುದೋ ಊರಿನಲ್ಲಿ ಚೆಂಡು ಒದೆಯುವುದೇ ಉದ್ಯೋಗವಾಗಿರುವ ಹನ್ನೊಂದು ಜನರ ಅಂಗಿ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಎದುರು ಬಾಯಿ ತೆರೆಯಬೇಕೆಂದರೆ ನಾಲಿಗೆ ಒಣಗುವವಳು. ಆಗ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆದು ಹೇಳುತ್ತಿದ್ದೇನೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದೊಂದು ಅನುಕೂಲ.

ಇಂಪನಾ ನನ್ನ ಮಗನ ಮಗಳು, ಅಜ್ಜಂಪುರದ ಇದೇ ಮನೆಯಲ್ಲಿ ಬೆಳೆದು ದಿನಾ ಕಡೂರಿನ ಕಾಲೇಜಿಗೆ ಹೋಗಿ ಬರುವವಳು. ಭುವನ ಮಗಳ ಮಗ, ತರೀಕೆರೆಯವನು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಭಾನುವಾರ ಹೋಗುವವನು. ಇದೆಲ್ಲ ನಿಮಗೆ ಗೊತ್ತಿರುವುದೇ. ಮುಂದೆ ನಿಮ್ಮ ಮಕ್ಕಳು ಓದಿದರೆ ಅವರಿಗಿರಲಿ ಎಂದು ಬರೆದೆ. ಅವನು ಬರುವುದು ಅಜ್ಜಿಯ ಮೇಲಿನ ಪ್ರೀತಿಗಾಗಿ ಎಂದು ನಂಬುವಷ್ಟು ನಾನು ಪೆದ್ದಿಯಲ್ಲ. ಇಲ್ಲಿಯ ಟಿವಿ ದೊಡ್ಡದು. ಆದರೆ ಸಂಜೆಯ ಆಟ ಶುರುವಾದಾಗ ಒಂದೇ ಮಂಚದ ಮೇಲೆ ಅವನೊಂದು ಕಡೆ, ಇವಳೊಂದು ಕಡೆ, ನಡುವೆ ಮಂಡಕ್ಕಿಯ ತಟ್ಟೆ ಹಿಡಿದ ನಾನು. ವಾರದ ಮಿಕ್ಕ ಆರು ದಿನಗಳನ್ನು ನಾನು ಕಳೆಯುವುದು ಆ ಎರಡು ಗಂಟೆಗಾಗಿ. ಆಟದ ಬಗ್ಗೆ ನನಗೆ ತಿಳಿದದ್ದು ಇಷ್ಟೇ: ಚೆಂಡನ್ನು ಕೈಯಲ್ಲಿ ಮುಟ್ಟಬಾರದು, ಮುಟ್ಟಬಹುದಾದ ಒಬ್ಬನೇ ಒಬ್ಬ ದೂರದಲ್ಲಿ ಬಲೆಯ ಮುಂದೆ ಒಂಟಿಯಾಗಿ ನಿಂತಿರುತ್ತಾನೆ. ಅವನನ್ನು ಕಂಡರೆ ನನಗೆ ಅಭಿಮಾನ. ಮದುವೆ ಮನೆಗಳಲ್ಲಿ ಕಂಬಕ್ಕೊರಗಿ ನಾನು ನಿಲ್ಲುವ ರೀತಿಯೂ ಅದೇ.

ಇಂಥ ನೆಮ್ಮದಿಯ ಮಂಚಕ್ಕೆ ಬೆಂಕಿ ಬಿದ್ದದ್ದು ಅಂಗಿಯಿಂದ. ಮುಂದಿನ ವರ್ಷ ಆಟಗಾರರು ಯಾವ ಅಂಗಿ ತೊಡಬೇಕೆಂದು ಅಭಿಮಾನಿಗಳೇ ಓಟು ಹಾಕಿ ಹೇಳಿ ಎಂದು ನಿಮ್ಮ ಕ್ಲಬ್ಬಿನವರು ಮೂರು ಮಾದರಿಗಳನ್ನು ಫೋನಿಗೆ ಬಿಟ್ಟರು. ಮೊದಲನೆಯದು ಇಷ್ಟು ವರ್ಷ ನಾವು ನೋಡುತ್ತಿದ್ದ ಕೆಂಪು ಬಿಳಿ ಪಟ್ಟೆ, ಕಾಲರ್ ಸಮೇತ, ಸ್ವಲ್ಪ ತಿದ್ದಿದ್ದು. ಎರಡನೆಯದು ಕಪ್ಪು, ಎದೆಯ ಮೇಲೆ ಕೆಂಪು ಮಿಂಚು, ಕಾಲರ್ ಇಲ್ಲ. ಮೂರನೆಯದು ಅರಿಶಿನದ ಹಳದಿ, ಕೈಗೂ ಕುತ್ತಿಗೆಗೂ ಕಡುಹಸಿರು ಅಂಚು. ಆ ಕ್ಲಬ್ಬು ಹುಟ್ಟಿದ ಹೊಸದರಲ್ಲಿ ಅವರದು ಹಳದಿಯೇ ಆಗಿತ್ತಂತೆ.

ಜಗತ್ತಿನ ಜನ ಅದರ ಬಗ್ಗೆ ಬರೆದದ್ದನ್ನೆಲ್ಲ ಇಂಪನಾ ಕನ್ನಡಕ್ಕೆ ತಿರುಗಿಸಿ ಓದಿದಳು. ಒಬ್ಬ ಪಟ್ಟೆಯನ್ನು ಕಟಿಂಗ್ ಅಂಗಡಿಯ ಪರದೆ ಎಂದಿದ್ದ. ಇನ್ನೊಬ್ಬನಿಗೆ ಮಿಂಚಿನ ಅಂಗಿ ಕರೆಂಟ್ ಹೊಡೆದ ಕಾಗೆಯಂತೆ ಕಂಡಿತ್ತು. ಹಳದಿ ಹಾಕಿಕೊಂಡು ಇಳಿದರೆ ಎದುರಾಳಿಗಳು ನಕ್ಕು ನಕ್ಕು ಬೀಳುತ್ತಾರೆ, ಹಾಗಾದರೂ ನಾವು ಗೆಲ್ಲಬಹುದು ಎಂದು ಮತ್ತೊಬ್ಬ. ಒಬ್ಬ ಮುದುಕ ಮಾತ್ರ, ನಮ್ಮಪ್ಪನನ್ನು ಪಟ್ಟೆ ಅಂಗಿಯಲ್ಲೇ ಮಣ್ಣು ಮಾಡಿದ್ದೇವೆ, ಈಗ ಪಟ್ಟೆ ತೆಗೆದರೆ ಮೇಲೆ ಹೋದಾಗ ಅವನಿಗೆ ನನ್ನ ಗುರುತು ಹೇಗೆ ಸಿಕ್ಕೀತು ಎಂದು ಬರೆದಿದ್ದ. ಅದನ್ನು ಇಂಪನಾ ಎರಡು ಸಲ ಓದಿದಳು. ನನಗೆ ಆಶ್ಚರ್ಯವಾದದ್ದು ಆ ಜನರ ಧೈರ್ಯ. ಅಂಗಿಯನ್ನು ಹೊಲಿದವರಲ್ಲ, ತೊಟ್ಟು ಓಡುವವರಲ್ಲ, ಆದರೂ ಇದು ನನಗೆ ಬೇಕು, ಇದು ನನಗೆ ಬೇಡ ಎಂದು ಲೋಕಕ್ಕೆಲ್ಲ ಕೇಳುವಂತೆ ಹೇಳುತ್ತಾರೆ. ಯಾರ ನಾಲಿಗೆಯೂ ಒಣಗುವುದಿಲ್ಲ.

"ಪಟ್ಟೆ ಇಲ್ದಿದ್ರೆ ಅದು ನಮ್ ಟೀಮೇ ಅಲ್ಲ ಕಣೇ," ಎಂದ ಭುವನ.

"ನಿಂಗೆ ಹಳೇದೆಲ್ಲಾ ಚಂದ ಬಿಡು. ನಿಮ್ಮಪ್ಪನ್ ಸ್ಕೂಟ್ರೂ ಚಂದ," ಎಂದಳು ಇಂಪನಾ. "ಆ ಕಾಲರ್ ನೋಡು, ಮೇಷ್ಟ್ರು ಆಟಕ್ಕಿಳಿದಂಗೆ."

"ನಿನ್ ಮಿಂಚು ನೋಡಿದ್ರೆ ಟ್ರಾನ್ಸ್‌ಫಾರ್ಮರ್ ಮೇಲಿನ ಬೋರ್ಡು. ಮುಟ್ಟಿದ್ರೆ ಅಪಾಯ ಅಂತ ಬರ್ಸು ಕೆಳಗೆ. ಕಪ್ಪು ಗೆದ್ರೆ ನಾನು ಶನಿವಾರ ಈ ಕಡೆ ತಲೆ ಹಾಕಲ್ಲ."

"ಹಾಕ್ಬ್ಯಾಡ ಹೋಗೋ. ಪಟ್ಟೆ ಗೆದ್ರೆ ನಾನೂ ಟಿವಿ ಮುಂದೆ ಕೂರಲ್ಲ. ಅಜ್ಜಿ ಜೊತೆ ಒಬ್ನೇ ನೋಡ್ಕೋ."

ಮೊದಮೊದಲು ತಮಾಷೆಯೆಂದುಕೊಂಡೆ. ಆದರೆ ಮುಂದಿನ ಶನಿವಾರ ನೀವು ಒಬ್ಬರಿಗೊಬ್ಬರು ಮಾತಾಡಲಿಲ್ಲ. "ಅಜ್ಜಿ, ಅವ್ನಿಗೆ ರಿಮೋಟ್ ಕೊಡಕ್ಕೇಳು" ಎಂದು ಇವಳು. "ಅಜ್ಜಿ, ನನ್ ಹತ್ರ ಇಲ್ಲ ಅಂತೇಳು" ಎಂದು ಅವನು. ರಿಮೋಟು ನನ್ನ ತೊಡೆಯ ಕೆಳಗಿತ್ತು, ಆದರೆ ಭಯಕ್ಕೆ ನಾನು ಹೇಳಲಿಲ್ಲ. ಯಾವ ಅಂಗಿ ಗೆದ್ದರೂ ಮಂಚದ ಒಂದು ಕಡೆ ಖಾಲಿಯಾಗುವುದು ಖಂಡಿತವೆಂದು ನನಗೆ ಅಂದು ತಿಳಿಯಿತು.

ಅಷ್ಟರಲ್ಲಿ ನಿಮ್ಮಿಬ್ಬರಿಗೂ ಒಂದು ಸತ್ಯ ಹೊಳೆದಿತ್ತು. ಒಂದು ಫೋನಿಗೆ ಒಂದು ಓಟು. ಮನೆಯಲ್ಲಿ ಇನ್ನೂ ಬಳಸದೆ ಉಳಿದ ಫೋನು ನನ್ನದೊಂದೇ. ಅಂದಿನಿಂದ ನನ್ನ ಉಪಚಾರ ನೋಡಬೇಕಿತ್ತು. ಇಂಪನಾ ಕಡೂರಿನಿಂದ ಬರುವಾಗ ಬಿಸಿ ಆರದ ಹಾಗೆ ಪೇಪರಿನಲ್ಲಿ ಸುತ್ತಿ ಮೆಣಸಿನಕಾಯಿ ಬಜ್ಜಿ ತಂದಳು, ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಭುವನ ತರೀಕೆರೆ ಬಸ್ ಸ್ಟ್ಯಾಂಡಿನ ಬೋಂಡ ತಂದ, ಮೂರು ವರ್ಷದಿಂದ ಕಿರುಗುಟ್ಟುತ್ತಿದ್ದ ನನ್ನ ಕೋಣೆಯ ಬಾಗಿಲಿಗೆ ಎಣ್ಣೆ ಬಿಟ್ಟ. ನಾನು ಬಜ್ಜಿಯನ್ನೂ ತಿಂದೆ, ಬೋಂಡವನ್ನೂ ತಿಂದೆ. ಇಬ್ಬರಿಗೂ "ಆಯ್ತು ಬಿಡಪ್ಪಾ", "ಆಯ್ತು ಬಿಡಮ್ಮಾ" ಎಂದೆ. ಏನು ಆಯ್ತು ಎಂದು ಇಬ್ಬರೂ ಕೇಳಲಿಲ್ಲ.

ನಿಮಗೆ ತಿಳಿಯದ ಸಂಗತಿಯೆಂದರೆ, ಈ ವಿದ್ಯೆಯಲ್ಲಿ ನಿಮ್ಮಜ್ಜಿ ಹಳಬಳು. ಪಂಚನಹಳ್ಳಿಯ ಹತ್ತಿರದ ಹಳ್ಳಿಯಲ್ಲಿ ನಾವಿದ್ದಾಗ ಪಂಚಾಯ್ತಿ ಚುನಾವಣೆಗೆ ನಿಮ್ಮ ತಾತನ ಅಣ್ಣ ನಿಂತರು. ಓಟಿನ ದಿನ ದಾರಿಯುದ್ದಕ್ಕೂ ತಾತ ಹೇಳಿಕೊಂಡು ಬಂದರು: "ಆಟೋರಿಕ್ಷಾ ಗುರುತು ಕಣೇ, ಮೇಲಿಂದ ಎರಡ್ನೇದು, ಮರೀಬ್ಯಾಡ." ನಾನು ಹ್ಞೂಂ ಎಂದೆ. ಒಳಗೆ ಹೋಗಿ ರಟ್ಟಿನ ಮರೆಯಲ್ಲಿ ನಿಂತಾಗ, ನಮ್ಮ ಹೆಂಗಸರ ಬೀದಿಗೆ ನಲ್ಲಿ ಹಾಕಿಸಲು ಓಡಾಡಿದ್ದು ಕೊಡೆ ಗುರುತಿನವಳು ಎಂಬುದು ನೆನಪಾಯಿತು. ಮರೆ ಎನ್ನುವುದು ನಾಚಿಕೆಯವರಿಗೆ ಎಂಥ ಉಪಕಾರ ಮಾಡುತ್ತದೆಂದು ಆವತ್ತು ಕಂಡುಕೊಂಡೆ. ಭಾವನವರು ಒಂಬತ್ತು ಓಟಿನಿಂದ ಸೋತರು. ಕೊಡೆಗೆ ಹೋದ ಓಟುಗಳಲ್ಲಿ ಒಂದು ನನ್ನದು. ಮಿಕ್ಕವು ಯಾರ್ಯಾರದೆಂದು ನನಗೂ ಗೊತ್ತಿಲ್ಲ. ಆದರೆ ಅಂದು ಸಂಜೆ ನೀರಿಗೆ ನಿಂತಾಗ ಓರಗಿತ್ತಿಯರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುಂದಿನ ಚುನಾವಣೆಗಳಲ್ಲೂ ಓಟಿನ ದಾರಿಯಲ್ಲಿ ತಾತ ಕೊನೆಯವರೆಗೂ ಗುರುತು ಹೇಳುತ್ತಲೇ ಇದ್ದರು, ನಾನು ಹ್ಞೂಂ ಎನ್ನುತ್ತಲೇ ಇದ್ದೆ. ನಮ್ಮದು ಬಹಳ ಹೊಂದಾಣಿಕೆಯ ಸಂಸಾರ.

ಓಟಿನ ಕೊನೆಯ ದಿನ ಬಂತು. ನೀವಿಬ್ಬರೂ ನನ್ನ ಪರವಾಗಿ ಒತ್ತಿಬಿಡಲು ಸಿದ್ಧರಾಗಿ ಕೂತಿದ್ದಿರಿ. ಫೋನಿಗೆ ಆರಂಕಿಯ ಒಂದು ನಂಬರು ಬಂತು.

"ಹೇಳಜ್ಜಿ, ಓಟಿಪಿ ಎಷ್ಟು?" ಎಂದಳು ಇಂಪನಾ.

"ಯಾರಿಗೂ ಹೇಳ್ಬಾರ್ದು ಅಂತ ನೀನೇ ಹೇಳಿದ್ಯಲ್ಲೇ," ಎಂದೆ.

"ಅದು ಕಳ್ರಿಗೆ ಕಣಜ್ಜಿ, ನಮಗಲ್ಲ."

"ಈಗಿನ್ ಕಾಲ್ದಲ್ಲಿ ಯಾರು ಯಾರು ಅಂತ ಹೆಂಗವ್ವಾ ಗೊತ್ತಾಗ್ತದೆ," ಎಂದು ಫೋನು ತೆಗೆದುಕೊಂಡು ಅಡುಗೆಮನೆಗೆ ಹೋದೆ. ಬಾಗಿಲು ಹಾಕಿ, ಸಾಲದ್ದಕ್ಕೆ ಮೊರವನ್ನು ಅಡ್ಡ ನಿಲ್ಲಿಸಿಕೊಂಡೆ. ಎಲ್ಲಿ ಒತ್ತಬೇಕೆಂದು ನೀವೇ ಎರಡು ವಾರದಿಂದ ನನಗೆ ಕಲಿಸಿದ್ದಿರಿ.

ಮೂರು ಅಂಗಿಗಳು ಸಾಲಾಗಿ ನಿಂತಿದ್ದವು. ಆ ಹಳದಿಯನ್ನು ನೋಡಿದ್ದೇ ತಡ, ಕಡೂರಿನ ಬಟ್ಟೆ ಅಂಗಡಿಯೊಂದು ನೆನಪಿಗೆ ಬಂತು. ನಿನ್ನ ಅಮ್ಮನ ನಾಮಕರಣಕ್ಕೆ, ಭುವನ, ನನಗೆ ಸೀರೆ ತೆಗೆಯಲು ಹೋಗಿದ್ದೆವು. ಅಂಗಡಿಯವನು ಬಿಳಿ ಹಾಸಿಗೆಯ ಮೇಲೆ ಒಂದರ ಮೇಲೊಂದು ಬಿಚ್ಚಿ ಎಸೆಯುತ್ತಿದ್ದ. ಮೂರನೆಯದೋ ನಾಲ್ಕನೆಯದೋ ಅರಿಶಿನದ ಒಡಲು, ಕಡುಹಸಿರು ಅಂಚು. ಕಣ್ಣು ಅಲ್ಲೇ ಕೂತಿತು. "ನಿಂಗ್ಯಾವ್ದು ಬೇಕು ಹೇಳು" ಎಂದು ತಾತ ಮೂರು ಸಲ ಕೇಳಿದರು. ಅವರನ್ನು ದೂರುವಂತಿಲ್ಲ, ಪೂರ್ತಿ ಮೂರು ಸಲ. "ನೀವ್ ನೋಡಿದ್ದೇ ಆಗ್ಲಿ" ಎಂದು ಮೂರು ಸಲವೂ ನಾನೇ ಹೇಳಿದೆ. ಅವರು ಮಾಸದೆ ಬಾಳಿಕೆ ಬರುವ ಬೂದುಬಣ್ಣದ್ದೊಂದನ್ನು ತೆಗೆದರು. ಅದು ಹೇಳಿದ ಹಾಗೆಯೇ ಬಾಳಿಕೆ ಬಂತು, ಹದಿನೆಂಟು ವರ್ಷ. ಅವರು ಹೋದ ಮೇಲಂತೂ ಬಣ್ಣದ ವಿಷಯದಲ್ಲಿ ನನ್ನನ್ನು ಕೇಳುವ ಪದ್ಧತಿಯೇ ನಿಂತಿತು. ಎಲ್ಲ ಮದುವೆಗಳಲ್ಲೂ ನನಗೆಂದು ಬೂದಿ, ಹೊಗೆ, ಕಾಫಿಪುಡಿ ಬಣ್ಣಗಳನ್ನು ಬಹಳ ಗೌರವದಿಂದ ತೆಗೆದಿಡುತ್ತಾರೆ.

ಮೊರದ ಹಿಂದೆ ಕೂತು ಹಳದಿಯನ್ನು ಒತ್ತಿದೆ. ಒತ್ತಿದ್ದಕ್ಕೆ ಫೋನು ಧನ್ಯವಾದ ಹೇಳಿತು. ಹೊರಗೆ ಬರುವ ಮುಂಚೆ ಪೆನ್ನಿನಿಂದ ಬೆರಳಿಗೊಂದು ಮಸಿಯ ಗೆರೆ ಎಳೆದುಕೊಂಡು ಬಂದು ನಿಮ್ಮಿಬ್ಬರಿಗೂ ತೋರಿಸಿದೆ. ಇಬ್ಬರೂ ಗೆದ್ದವರ ಹಾಗೆ ನಕ್ಕಿರಿ.

ಮುಂದಿನದು ನಿಮಗೆ ಗೊತ್ತು. ಪಟ್ಟೆಯವರೂ ಮಿಂಚಿನವರೂ ಕಾದಾಡಿ ಓಟು ಹಂಚಿಕೊಂಡರು, ಸದ್ದಿಲ್ಲದ ಹಳದಿ ಗೆದ್ದಿತು. ಆ ಶನಿವಾರ ಭುವನ ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಯಾವ್ ತಲೆಕೆಟ್ಟೋರು ಒತ್ತಿದ್ರೇ ಅದ್ನ?"

ಅಷ್ಟು ವಾರಗಳ ಮೇಲೆ ಇಂಪನಾ ಅವನಿಗೆ ನೇರವಾಗಿ ಉತ್ತರ ಕೊಟ್ಟಳು: "ಕಣ್ಣಿಲ್ದೋರು ಕಣೋ. ಹಾಕ್ಕೊಂಡ್ರೆ ಅರಿಶಿನ ಶಾಸ್ತ್ರಕ್ಕೆ ಕೂತಂಗಿರ್ತಾರೆ."

"ಹನ್ನೊಂದ್ ಜನ ಮದುಮಕ್ಳು."

"ರೆಫ್ರೀನೇ ಪುರೋಹಿತ್ರು."

ಇಬ್ಬರೂ ಬಿದ್ದು ಬಿದ್ದು ನಕ್ಕಿರಿ, ಮಂಚದ ಮೇಲೆ ಅಕ್ಕಪಕ್ಕ ಕೂತು ಒಂದೇ ಫೋನಿನಲ್ಲಿ ಹಳದಿಯವರನ್ನು ಬೈದು ಬರೆದಿರಿ. ತಲೆಕೆಟ್ಟವಳು, ಕಣ್ಣಿಲ್ಲದವಳು ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಆ ದೂರದ ಊರಿನಲ್ಲೂ ನನ್ನ ಹಾಗೆ ಯಾವುದಾದರೂ ಮರೆ ಹುಡುಕಿಕೊಂಡು ಹಳದಿ ಒತ್ತಿದ ಅಜ್ಜಿಯರಿರಬೇಕು ಎಂದು ಯೋಚಿಸುತ್ತಿದ್ದೆ.

ಒಬ್ಬರೂ ಗೆಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಕೂತು ಬೈಯುತ್ತಾರೆ, ಮಂಚದ ಎರಡು ಕಡೆಯೂ ತುಂಬಿರುತ್ತದೆ, ಅದಕ್ಕೇ ಹಾಗೆ ಒತ್ತಿದೆ ಎಂದು ಬರೆದರೆ ನಾನು ದೊಡ್ಡ ಮನುಷ್ಯಳಾಗುತ್ತೇನೆ. ನಿಮ್ಮ ಮಕ್ಕಳೂ ನಮ್ಮ ಮುತ್ತಜ್ಜಿ ಎಂಥ ಜಾಣೆ ಎನ್ನುತ್ತಾರೆ. ಹಾಗೆಯೇ ಬರೆಯೋಣವೆಂದು ನಿನ್ನೆ ಒಂದು ಹಾಳೆ ಬರೆದೂ ನೋಡಿದೆ, ಹರಿದು ಹಾಕಿದೆ. ಒಟ್ಟಿಗೆ ಕೂರುವ ಲೆಕ್ಕಾಚಾರ ನನಗೆ ಹೊಳೆದದ್ದು ನೀವು ನಗುವುದನ್ನು ನೋಡಿದ ಮೇಲೆ. ಮೊರದ ಹಿಂದೆ ನೀವಿಬ್ಬರೂ ನನ್ನ ನೆನಪಿನಲ್ಲೇ ಇರಲಿಲ್ಲ. ನನಗೆ ಹಳದಿ ಬೇಕಿತ್ತು.

ಈಗ ಆಟಗಾರರು ಹಳದಿಯಲ್ಲೇ ಓಡುತ್ತಾರೆ, ನೀವೂ ಬೈಯುವುದನ್ನು ಕಡಿಮೆ ಮಾಡಿದ್ದೀರಿ. ಹೋದ ವಾರ ಭುವನ "ಹತ್ರದಿಂದ ನೋಡಿದ್ರೆ ಪರ್ವಾಗಿಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು. ಆದರೆ ಜೂನ್ ಬಂದರೆ ಇಂಪನಾ ಶಿವಮೊಗ್ಗದ ಹಾಸ್ಟೆಲ್ಲಿಗೆ ಹೋಗುತ್ತಾಳೆ, ಭುವನನ ಮನೆಗೂ ದೊಡ್ಡ ಟಿವಿ ಬರುತ್ತದೆಂದು ಸುದ್ದಿ. ಬೇರೆ ಅಂಗಿ ಬೇಕಿಲ್ಲ, ಮಂಚ ಖಾಲಿಯಾಗಲು ಇಷ್ಟು ಸಾಕು. ಹೀಗಾಗಿ ಈ ಸಲ ಮೊದಲೇ ಲೆಕ್ಕಾಚಾರ ಹಾಕಿದ್ದೇನೆ.

ಈ ಬರಹ ಆರು ಹಾಳೆ ಆಗಿದೆ. ಒಂದು, ಮೂರು, ಐದನೆಯ ಹಾಳೆಗಳು ಭುವನನ ಹೆಸರಿನ ಕವರಿನಲ್ಲಿವೆ. ಎರಡು, ನಾಲ್ಕು, ಆರು ಇಂಪನಾಳ ಕವರಿನಲ್ಲಿ. ಇಂಪನಾ, ಇದು ಆರನೆಯದು, ಅಂದರೆ ಈಗ ಓದುತ್ತಿರುವವಳು ನೀನು. ಗಟ್ಟಿಯಾಗಿ ಓದು, ಪಕ್ಕದಲ್ಲಿರುವವನಿಗೂ ಕೇಳಲಿ. ಫೋನಿನಲ್ಲಿ ಫೋಟೋ ಹೊಡೆದು ಕಳಿಸಿಕೊಳ್ಳಬಾರದು, ಅದು ನನ್ನ ಆಣೆ. ಒಬ್ಬರು ಒಂದು ಹಾಳೆ ಕಳೆದರೂ ಇನ್ನೊಬ್ಬರ ಹತ್ತಿರ ಉಳಿದದ್ದಕ್ಕೆ ತಲೆ ಬುಡ ಇರುವುದಿಲ್ಲ. ಆದ್ದರಿಂದ ಇಬ್ಬರೂ ನಿಮ್ಮ ನಿಮ್ಮ ಮೂರು ಹಾಳೆಗಳನ್ನು ಜೋಪಾನ ಮಾಡಿ, ಓದಬೇಕೆನಿಸಿದಾಗ ಎರಡೂ ಕವರು ತೆಗೆದುಕೊಂಡು ಇಲ್ಲಿಗೆ ಬನ್ನಿ.